ಹಿತ್ತಿಲಿಗೆ ಬರುವ ಅತಿಥಿ

ವಸಂತನನ್ನು ನಮ್ಮ ಕವಿಗಳು ಋತುರಾಜನೆಂದು ಕರೆದಿದ್ದಾರೆ. ರಾಜನೆಂದ ಮೇಲೆ ಪರಿವಾರವಿರಬೇಕಷ್ಟೆ. ಮಲಯಮಾರುತ, ಕೋಗಿಲೆ, ದುಂಬಿ, ಚಿಗುರು, ಮಲ್ಲಿಗೆ ಇವೆಲ್ಲವೂ ಅವನ ಸವಾರಿಯಲ್ಲಿ ತಪ್ಪದೆ ನಡೆದುಬರುತ್ತವೆ. ಕಾವ್ಯದ ಉಪವನದಲ್ಲಿ ಈ ಸವಾರಿಗೆ ಯಾವ ಅಡಚಣೆಯೂ ಇಲ್ಲ. ಅಲ್ಲಿ ನೀರು ಸಾಲದೆಂಬ ಚಿಂತೆಯಿಲ್ಲ, ಕಸ ಗುಡಿಸುವವರಾರೆಂಬ ಜಗಳವೂ ಇಲ್ಲ. ಆದರೆ ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ, ಮನೆಯ ಮುಂದೆ ಎರಡು ಮಾರು, ಹಿಂದೆ ನಾಲ್ಕು ಮಾರು ಮಣ್ಣನ್ನು ಹೇಗೋ ಉಳಿಸಿಕೊಂಡಿರುವ ನನ್ನಂಥ ಗೃಹಸ್ಥನ ಹಿತ್ತಿಲಿಗೆ ವಸಂತನು ಬರುವ ರೀತಿಯೇ ಬೇರೆ. ಇಲ್ಲಿಗೆ ಅವನು ರಾಜನಂತೆ ಬರುವುದಿಲ್ಲ. ಮುಂಚಿತವಾಗಿ ಒಂದು ಕಾಗದವನ್ನೂ ಬರೆಯದೆ, ಬರಿಗೈಯಲ್ಲಿ ಬಂದು ಕದ ತಟ್ಟುವ ನೆಂಟನಂತೆ ಬರುತ್ತಾನೆ.

ಪಂಚಾಂಗದ ಪ್ರಕಾರ ಚೈತ್ರ ವೈಶಾಖಗಳು ವಸಂತ. ಮಾಘ ಫಾಲ್ಗುಣಗಳು ಶಿಶಿರ. ಆದರೂ ಮಾಘ ಶುದ್ಧ ಪಂಚಮಿಯನ್ನೇ ವಸಂತ ಪಂಚಮಿಯೆಂದು ಕರೆಯುವ ರೂಢಿ ನಮ್ಮ ದೇಶದಲ್ಲಿ ಬೆಳೆದುಬಂದಿದೆ. ಯುಗಾದಿಗೆ ಇನ್ನೂ ಸುಮಾರು ಎರಡು ತಿಂಗಳಿರುವಾಗಲೇ ವಸಂತನ ಹೆಸರು ಹೇಳುವುದು ಆತುರವೆಂದು ತೋರಬಹುದು. ಆದರೆ ಹಿತ್ತಿಲಿನಲ್ಲಿ ನಿಂತು ನೋಡಿದವರಿಗೆ ಆ ಹೆಸರಿಟ್ಟವರ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತೆಂಬುದು ತಿಳಿಯುತ್ತದೆ. ಜನವರಿ ತಿಂಗಳು ಮುಗಿಯುತ್ತ ಬಂದಂತೆ ವಸಂತನ ಮೊದಲ ಗುರುತು ಕಾಣಿಸುತ್ತದೆ. ಆ ಗುರುತು ಚಿಗುರಲ್ಲ, ಹೂವಲ್ಲ, ಕೋಗಿಲೆಯ ದನಿಯಲ್ಲ. ಬೆಳಗ್ಗೆ ಎದ್ದು ಹಿಂದಿನ ಬಾಗಿಲು ತೆರೆದರೆ, ನಿನ್ನೆ ಸಂಜೆ ಗುಡಿಸಿದ್ದ ಅಂಗಳದ ತುಂಬ ಹಳದಿ ಎಲೆ ಬಿದ್ದಿರುತ್ತದೆ. ಅದೇ ಅವನ ಆಗಮನ.

ಹಿಮ ಬೀಳುವ ದೇಶಗಳಲ್ಲಿ ವಸಂತವೆಂದರೆ ಚಳಿಯ ಸೆರೆಯಿಂದ ಬಿಡುಗಡೆ. ಹಿಮ ಕರಗುತ್ತದೆ, ನೆಲವೆಲ್ಲ ತೇವವಾಗುತ್ತದೆ, ಗಿಡಗಳು ಆ ನೀರನ್ನು ಕುಡಿದು ಚಿಗುರುತ್ತವೆ. ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವುದಾದರೂ ಜನವರಿ, ಫೆಬ್ರವರಿ ಎರಡು ತಿಂಗಳೂ ಕೂಡಿ ಬೀಳುವ ಸರಾಸರಿ ಮಳೆ 10 ಮಿಲಿಮೀಟರಿನ ಆಸುಪಾಸು. ನೆಲ ಬಿರುಕುಬಿಡುವ ಕಾಲ, ಗಾಳಿಯಲ್ಲಿ ತೇವವಿಲ್ಲ, ಬಾವಿಯಿದ್ದ ಮನೆಗಳಲ್ಲಿ ಹಗ್ಗಕ್ಕೆ ಇನ್ನೊಂದು ಮೊಳ ಸೇರಿಸುತ್ತಿದ್ದ ಕಾಲ. ಇಂಥ ಹೊತ್ತಿನಲ್ಲಿಯೇ ಹೊಂಗೆ, ಬೇವು, ಬಿಲ್ವಗಳು ಹಳೆಯ ಎಲೆಯನ್ನು ಕಳಚಿ, ಮಳೆಗೆ ಕಾಯದೆ, ಮೈತುಂಬ ಹೊಸ ಎಲೆ ಉಡುತ್ತವೆ. ಕೈಯಲ್ಲಿ ಕಾಸಿಲ್ಲದ ತಿಂಗಳ ಕೊನೆಯಲ್ಲಿ ಮನೆಯವರೆಲ್ಲರಿಗೂ ರೇಷ್ಮೆ ತೆಗೆದ ಯಜಮಾನನಂತೆ ಇದು ನಮಗೆ ಬೆರಗನ್ನು ಹುಟ್ಟಿಸಬೇಕು. ಪ್ರತಿವರ್ಷವೂ ನಡೆಯುವುದರಿಂದ ಬೆರಗಾಗುವುದನ್ನು ನಾವು ಮರೆತಿದ್ದೇವೆ.

ಈ ದುಂದಿಗೆ ಹಣ ಎಲ್ಲಿಂದ ಬಂತು? ಸಸ್ಯಶಾಸ್ತ್ರಜ್ಞರು ಹೇಳುವ ಲೆಕ್ಕ ಗೃಹಿಣಿಯರಿಗೆ ಸುಲಭವಾಗಿ ಅರ್ಥವಾಗುವಂಥದು. ಮರವು ಎಲೆಯನ್ನು ಬೀಳಿಸುವುದಕ್ಕೆ ಮೊದಲು ಅದರಲ್ಲಿರುವ ಸಾರಜನಕ, ರಂಜಕ ಮೊದಲಾದ ಸತ್ವಗಳಲ್ಲಿ ಅರ್ಧದಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ರೆಂಬೆಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅನಂತರ ತೊಟ್ಟಿನ ಬುಡದಲ್ಲಿ ಒಂದು ತೆಳುವಾದ ಪದರ ಬೆಳೆದು ಎಲೆ ಕಳಚಿಕೊಳ್ಳುತ್ತದೆ. ಎಲೆಗಳು ಹೋದಮೇಲೆ ಅವುಗಳ ಮೂಲಕ ಆವಿಯಾಗಿ ಹೋಗುತ್ತಿದ್ದ ನೀರು ನಿಲ್ಲುತ್ತದೆ. ಆಳದ ಬೇರುಗಳು ತಂದ ನೀರು ಕಾಂಡದಲ್ಲಿ, ರೆಂಬೆಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಡಿಸೆಂಬರ್ 22ರ ಸುಮಾರಿನಿಂದ ಫೆಬ್ರವರಿಯ ನಡುವಿನವರೆಗೆ ನಮ್ಮೂರಿನ ಹಗಲು ಬೆಳೆಯುವುದು ಅರ್ಧ ಗಂಟೆಗಿಂತಲೂ ಕಡಮೆ. ನಮಗೆ ಗೊತ್ತೇ ಆಗದ ಆ ಬೆಳವಣಿಗೆ ಹಲವು ಮರಗಳಿಗೆ ಸಾಕಾದಷ್ಟು ದೊಡ್ಡ ಸೂಚನೆ. ಕೂಡಿಟ್ಟ ನೀರು, ಕೂಡಿಟ್ಟ ಸತ್ವ ಇವೆರಡನ್ನೂ ಖರ್ಚುಮಾಡಿ ಮರ ಚಿಗುರುತ್ತದೆ.

ಆದಕಾರಣ ನಮ್ಮ ವಸಂತವೆಂಬುದು ಹೋದ ವರ್ಷದ ಮಳೆ. ಆಷಾಢ ಶ್ರಾವಣಗಳಲ್ಲಿ, ಭಾದ್ರಪದ ಆಶ್ವಯುಜಗಳಲ್ಲಿ ನೆಲಕ್ಕಿಳಿದದ್ದು ಮಾಘ ಫಾಲ್ಗುಣಗಳಲ್ಲಿ ಎಲೆಯಾಗಿ, ಹೂವಾಗಿ ಮೇಲಕ್ಕೇರುತ್ತದೆ. ಬರಿಗೈಯಲ್ಲಿ ಬರುವ ನೆಂಟನೆಂದು ವಸಂತನನ್ನು ನಾನು ಕರೆದದ್ದು ಈ ಕಾರಣದಿಂದಲೇ. ಅವನು ಏನನ್ನೂ ತರುವುದಿಲ್ಲ. ಮನೆಯ ಕಣಜದಲ್ಲಿ ಏನಿದೆಯೋ ಅದರಲ್ಲೇ ಹಬ್ಬ ಮಾಡುತ್ತಾನೆ. ಕಣಜ ಬರಿದಾಗಿದ್ದರೆ ಅವನನ್ನು ದೂಷಿಸಿ ಫಲವಿಲ್ಲ.

ಇನ್ನು ಅವನ ಪರಿವಾರದ ವಿಚಾರ. ಹಿತ್ತಿಲಿನಲ್ಲಿ ಎಲ್ಲರೂ ಒಮ್ಮೆಗೇ ಬರುವುದಿಲ್ಲ; ಅವರವರ ಸರದಿಯುಂಟು. ಮೊದಲು ಬರುವುದು ಮಾವಿನ ಹೂ. ಸಂಕ್ರಾಂತಿಯ ಹಿಂದುಮುಂದಿನಲ್ಲಿ ಗೊಂಚಲು ಗೊಂಚಲಾಗಿ ಹೊರಟು, ನಸುಹುಳಿ ಬೆರೆತ ಒಂದು ಬಿಸುಪಿನ ವಾಸನೆಯನ್ನು ಬೀದಿಗೆಲ್ಲ ಹಂಚುತ್ತದೆ. ಒಂದೇ ಗೊಂಚಲಿನಲ್ಲಿ ಸಾವಿರಕ್ಕೂ ಮೀರಿ ಹೂಗಳಿರುವುದುಂಟು. ಅವುಗಳಲ್ಲಿ ನೂರಕ್ಕೆ ಒಂದೂ ಹಣ್ಣಿನವರೆಗೆ ಬದುಕುವುದಿಲ್ಲ. ಮಾವಿನ ಎಳೆಯ ಎಲೆ ತಾಮ್ರದ ಬಣ್ಣದ್ದು. ಹಸಿರು ದ್ರವ್ಯ ಇನ್ನೂ ತುಂಬದೆ, ಕೆಂಪು ದ್ರವ್ಯವೇ ಮೇಲಾಗಿ, ಒಗೆದು ಹಾಕಿದ ವಸ್ತ್ರದಂತೆ ಜೋತುಬಿದ್ದಿರುತ್ತದೆ. ಅದೇ ಹೊತ್ತಿಗೆ ನುಗ್ಗೆ ಹೂ ಬಿಡುತ್ತದೆ. ಹಲಸಿನ ಕಾಂಡದಲ್ಲಿ ಬೆರಳುಗಾತ್ರದ ಎಳೆಯ ಮಿಡಿಗಳು ಮೊಗ ತೋರುತ್ತವೆ. ಹೊಂಗೆಯದು ಮುಂದಿನ ಸರದಿ. ಫೆಬ್ರವರಿಯಲ್ಲಿ ಬೋಳಾಗಿ ನಿಂತ ಮರ, ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ, ಎಣ್ಣೆ ಸವರಿದಂತೆ ಹೊಳೆಯುವ ಎಳೆಹಸಿರಾಗಿರುತ್ತದೆ. ಯುಗಾದಿಯ ಸಮೀಪಕ್ಕೆ ಹೂವಾಗುತ್ತದೆ. ಕೆಳಗೆ ಬಿಳಿಗೆಂಪು ಹೂಗಳ ಹಾಸು, ಮೇಲೆ ಜೇನಿನ ಗುಂಗು. ಬೇವಿನ ಹೂ ಅದರ ಜೊತೆಗೇ ಬರುತ್ತದೆ. ಹಬ್ಬದ ಬೆಳಗ್ಗೆ ಬೆಲ್ಲದೊಡನೆ ಕೈಗೆ ಬೀಳುವ ಆ ಕಹಿ ಹೂವು ಎಂಥ ಸೌಮ್ಯವಾದ ಕಂಪಿನದೆಂಬುದು ಮರದ ಕೆಳಗೆ ನಿಂತವರಿಗೆ ಮಾತ್ರ ಗೊತ್ತು.

ಕೋಗಿಲೆಯ ಮಾತು ಹೇಳದೆ ಈ ಪಟ್ಟಿ ಮುಗಿಯದು. ಅದು ವಸಂತದಲ್ಲಿ ಎಲ್ಲಿಂದಲೋ ಬರುವ ಹಕ್ಕಿಯಲ್ಲ. ವರ್ಷವಿಡೀ ಇಲ್ಲಿಯೇ ಇದ್ದು, ಚಳಿಗಾಲದಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ. ಇಂಪಾದ ಕಂಠವನ್ನು ಕೋಗಿಲೆಯ ಕಂಠವೆಂದು ಹೊಗಳಿಸಿಕೊಳ್ಳುವ ಗಾಯಕಿಯರು ಮನ್ನಿಸಬೇಕು, ಕೂಗುವುದು ಕರಿಯ ಬಣ್ಣದ ಗಂಡು. ಹೆಣ್ಣು ಕಂದು ಬಣ್ಣದ, ಚುಕ್ಕೆಗಳ ಹಕ್ಕಿ. ಅದರ ಗಮನವೆಲ್ಲ ಕಾಗೆಯ ಗೂಡಿನ ಮೇಲೆ. ಪಕ್ಕದ ಬೀದಿಯ ತೆಂಗಿನ ಮರದಲ್ಲಿ ಕಾಗೆ ಕಡ್ಡಿ ಕೂಡಿಸತೊಡಗಿತೆಂದರೆ ನಮ್ಮ ಹೊಂಗೆಯಲ್ಲಿ ಸಂಗೀತ ಕಚೇರಿಗೆ ಶ್ರುತಿ ಕೂಡಿತೆಂದೇ ಅರ್ಥ.

ಹೀಗೆ ಬಂದ ಅತಿಥಿಯನ್ನು ನಾವು ಸ್ವಾಗತಿಸುವ ಬಗೆ ಹೇಗೆ? ಬೀದಿಯಲ್ಲಿ ಬೆಳಗಿನ ಹೊತ್ತು ನಡೆದುಹೋಗಿ ನೋಡಬೇಕು. ಪೊರಕೆಯಿಂದ ಗುಡಿಸಿ ಗುಡ್ಡೆ ಹಾಕಿದ ತರಗೆಲೆಗೆ ಅಲ್ಲಲ್ಲಿ ಬೆಂಕಿ ಬಿದ್ದಿರುತ್ತದೆ. ವಸಂತನು ಕಾಮನ ಗೆಳೆಯನಷ್ಟೆ. ಕಾಮನನ್ನು ಹುಣ್ಣಿಮೆಯ ದಿನ ಒಮ್ಮೆ ಸುಟ್ಟರೆ ಸಾಲದೆಂದು ಗೆಳೆಯನನ್ನು ನಾವು ತಿಂಗಳುಗಟ್ಟಲೆ ಸುಡುತ್ತೇವೆ. ಕಸವನ್ನು ಬಯಲಿನಲ್ಲಿ, ಬೀದಿಯಲ್ಲಿ ಸುಡಬಾರದೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದುವು. ನಿಯಮಕ್ಕಿಂತ ಮುಂಚೆಯೇ ಕಣ್ಣುರಿ, ಕೆಮ್ಮು ಆ ಮಾತನ್ನು ಹೇಳುತ್ತಿದ್ದುವು. ಆದರೆ ಹೊಗೆಯೊಂದೇ ನಷ್ಟವಲ್ಲ. ಮರ ತನಗೆ ಬೇಕಾದಷ್ಟನ್ನು ಹಿಂದಕ್ಕೆ ತೆಗೆದುಕೊಂಡು, ಉಳಿದದ್ದನ್ನು ತನ್ನ ಬುಡಕ್ಕೆ ತಾನೇ ಹಾಸಿಕೊಳ್ಳಲೆಂದು ಬೀಳಿಸಿದ ಹೊದಿಕೆಯನ್ನು ನಾವು ಸುಟ್ಟು, ಆಮೇಲೆ ಅಂಗಡಿಗೆ ಹೋಗಿ ಗೊಬ್ಬರದ ಚೀಲ ತರುತ್ತೇವೆ.

ನಮ್ಮ ಮನೆಯಲ್ಲಿ ನಡೆಯುವ ಕ್ರಮವನ್ನು ಹೇಳುತ್ತೇನೆ. ಇದರಲ್ಲಿ ಪಾಂಡಿತ್ಯವೇನೂ ಇಲ್ಲ. ಹಿತ್ತಿಲಿನ ಮೂಲೆಯಲ್ಲಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಒಂದು ಗುಂಡಿಯಿದೆ. ಒಂದು ಗೇಣು ಎಲೆ ತುಂಬಿ, ಮೇಲೆ ಒಂದು ಹಿಡಿ ಮಣ್ಣು, ಸಿಕ್ಕಿದರೆ ಸ್ವಲ್ಪ ಸಗಣಿ ಕದಡಿದ ನೀರು, ಮತ್ತೆ ಎಲೆ. ಹೊಂಗೆ ದ್ವಿದಳ ಜಾತಿಯ ಮರವಾದ್ದರಿಂದ ಅದರ ಎಲೆಯಲ್ಲಿ ಸಾರಜನಕ ಹೆಚ್ಚು, ಬೇಗ ಕೊಳೆಯುತ್ತದೆ. ನಮ್ಮ ರೈತರು ಹೊಂಗೆಯ ಸೊಪ್ಪನ್ನು ಗದ್ದೆಗೆ ತುಳಿಯುವುದೂ, ಹೊಂಗೆಯ ಹಿಂಡಿಯನ್ನು ಗೊಬ್ಬರ ಮಾಡುವುದೂ ಈ ಗುಣವನ್ನು ಬಲ್ಲದ್ದರಿಂದಲೇ. ಮಾವಿನ ಎಲೆ ಹಟಮಾರಿ. ಅದನ್ನು ಗುಂಡಿಗೆ ಹಾಕುವುದಕ್ಕಿಂತ ಗಿಡಗಳ ಪಾತಿಯಲ್ಲಿ ನಾಲ್ಕು ಬೆರಳು ದಪ್ಪ ಹಾಸುವುದೇ ಮೇಲು. ಹೀಗೆ ಹೊದಿಸಿದ ಪಾತಿಯನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ಎಲೆ ಸರಿಸಿ ಮುಟ್ಟಿ ನೋಡಿದರೆ ಕೆಳಗೆ ಮಣ್ಣು ತಂಪಾಗಿರುತ್ತದೆ. ಹೊದಿಕೆ ಬುಡದ ತೊಗಟೆಗೆ ತಾಗದಂತೆ ಒಂದು ಅಂಗೈ ಜಾಗ ಬಿಡುವುದು ಒಳ್ಳೆಯದು.

ನೀರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಸಾರಿತು. ಅದರ ಫಲ ಮುಂದಿನ ವಸಂತದಲ್ಲಿ ಕಂಡಿತು. 2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಜಲಮಂಡಲಿಯು ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಕೂಡದೆಂದೂ, ಬಳಸಿದರೆ 5,000 ರೂಪಾಯಿ ದಂಡವೆಂದೂ ಆಜ್ಞೆ ಮಾಡಿತು. ಮನೆಗಳಲ್ಲಿ ಕುಡಿಯುವ ನೀರಿಗೇ ಪರದಾಟವಿರುವಾಗ ಆ ಆಜ್ಞೆಯನ್ನು ಅನ್ಯಾಯವೆಂದು ಹೇಳುವ ಬಾಯಿ ಯಾರಿಗೂ ಇರಲಿಲ್ಲ. ಆ ವರ್ಷ ನಮ್ಮಲ್ಲಿ ಅಕ್ಕಿ ತೊಳೆದ ಕಲಗಚ್ಚು, ತರಕಾರಿ ತೊಳೆದ ನೀರು ಇವೇ ಗಿಡಗಳ ಪಾಲಿಗೆ ಗಂಗೆಯಾದುವು. ಹಿಂದಿನವರ ಮನೆಗಳಲ್ಲಿ ಬಚ್ಚಲ ನೀರು ತಾನಾಗಿ ಹರಿದು ಬಾಳೆಯ ಬುಡಕ್ಕೂ ಕೆಸುವಿನ ಮಡಿಗೂ ಹೋಗುತ್ತಿತ್ತು. ಆ ಏರ್ಪಾಟನ್ನು ಹಳ್ಳಿಯ ಪದ್ಧತಿಯೆಂದು ನಾವು ಕೈಬಿಟ್ಟೆವು. ದಿನವೂ ಮೇಲೆಮೇಲೆ ಚಿಮುಕಿಸಿದ ನೀರು ಬಿಸಿಲಿಗೆ ಹೋಗುತ್ತದೆ. ನೆಲದಲ್ಲಿ ಬೇರೂರಿದ ಗಿಡಕ್ಕೆ ವಾರಕ್ಕೊಮ್ಮೆ, ಸಂಜೆಯ ಹೊತ್ತು, ಕಾಂಡದ ಬುಡಕ್ಕಲ್ಲದೆ ರೆಂಬೆಗಳ ಅಂಚಿನ ನೆರಳು ಬೀಳುವಲ್ಲಿ ನಿಧಾನವಾಗಿ ಕುಡಿಸಿದರೆ ಅದು ಬೇರಿಗೆ ತಲಪುತ್ತದೆ. ದಿನವೂ ಕೇಳುವುವು ಕುಂಡದ ಗಿಡಗಳು ಮಾತ್ರ. ಅವು ತೊಟ್ಟಿಲ ಮಕ್ಕಳಿದ್ದಂತೆ.

ವಸಂತ ಬಂತೆಂಬ ಉತ್ಸಾಹದಲ್ಲಿ ಹೊಸ ಗಿಡ ತಂದು ನೆಡುವ ಚಪಲವೂ ಹಲವರಿಗುಂಟು. ಜನವರಿಯ ಕೊನೆಗೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ನೋಡಿ ಬಂದವರಿಗೆ ಅದು ಸಹಜ. ಆದರೆ ಮಣ್ಣು ಒಣಗುತ್ತಿರುವಾಗ ನೆಟ್ಟ ಸಸಿಗೆ ಬೇರಿಳಿಸಲು ಬಿಡುವೇ ಸಿಗದು. ಅದು ಏಪ್ರಿಲ್ ಕೊನೆಯ ಭರಣಿ ಮಳೆಯವರೆಗೆ ಕಾಯಬಹುದು. ಮುಂಗಾರು ಹಿಡಿದ ಮೇಲಾದರೆ ಇನ್ನೂ ಲೇಸು. ಮಲ್ಲಿಗೆಯ ಕೆಲಸ ಇದಕ್ಕೆ ತದ್ವಿರುದ್ಧ. ಅದು ವಸಂತಕ್ಕೆ ಮೊದಲೇ ಮುಗಿದಿರಬೇಕು. ಪುಷ್ಯ ಮಾಸದಲ್ಲಿ ಕೆಲವು ದಿನ ನೀರು ನಿಲ್ಲಿಸಿ, ಹಳೆಯ ರೆಂಬೆಗಳನ್ನು ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ, ಗೊಬ್ಬರ ಕೊಟ್ಟು ನೀರು ಹಾಯಿಸಿದರೆ, ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಮೂಡುತ್ತದೆ. ಮರಗಳ ರೆಂಬೆಗಳನ್ನು ಮಾತ್ರ ಈ ತಿಂಗಳುಗಳಲ್ಲಿ ಮುಟ್ಟದಿರುವುದು ಮೇಲು. ಎರಡು ಎಲೆಗಳನ್ನು ನಾರಿನಿಂದ ಹೊಲಿದು ಗೂಡು ಮಾಡಿದ ಸಿಂಪಿಗ, ಜೋಲುವ ಚೀಲದಂಥ ಗೂಡನ್ನು ನೇತುಹಾಕಿದ ಸೂರಕ್ಕಿ ನಮ್ಮ ಕತ್ತಿಗೆ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನೆರೆಯವರ ಮಾತನ್ನೂ ಹೇಳುವುದು ನ್ಯಾಯ. ವಸಂತನನ್ನು ಒಪ್ಪದವರೆಲ್ಲರೂ ಅರಸಿಕರಲ್ಲ. ನಮ್ಮ ಹೊಂಗೆಯ ಅರ್ಧ ಭಾಗ ಪಕ್ಕದ ಮನೆಯ ಮೇಲೆ ಚಾಚಿಕೊಂಡಿದೆ. ಕಳೆದ ವರ್ಷ ಆ ಮನೆಯ ಯಜಮಾನರು ಗೋಡೆಯ ಬಳಿ ನಿಂತು, “ಮೇಷ್ಟ್ರೇ, ಮರದ ಹೂವಿನ ಮೇಲೆ ನೀವು ಲೇಖನ ಬರೀತೀರಿ, ಅದರ ಎಲೆಗೆ ನಾನು ಆಳು ಇಡಬೇಕು,” ಎಂದರು. ನಾನು ನಕ್ಕೆ, ಅವರು ನಗಲಿಲ್ಲ. “ಎಲೆ ಹಾಳಾಗಲಿ ಸ್ವಾಮಿ. ಅಮ್ಮನಿಗೆ ಎಂಬತ್ತು ದಾಟಿದೆ. ಬೆಳಗ್ಗೆ ತುಳಸಿಗೆ ನೀರು ಹಾಕೋಕೆ ಇಳಿದವರು ಮೆಟ್ಟಿಲ ಮೇಲೆ ಜಾರಿದರು. ಪುಣ್ಯಕ್ಕೆ ಮೂಳೆ ಮುರೀಲಿಲ್ಲ. ಈಗ ಹೊಸ್ತಿಲು ದಾಟೋಕೇ ಹೆದರ್ತಾರೆ. ಮರ ತೆಗೆಸಿಬಿಡಿ, ಖರ್ಚು ನಾನು ಕೊಡ್ತೀನಿ,” ಎಂದರು.

ಸಾಮಾನ್ಯವಾಗಿ ಮರ ಕಡಿಯುವುದಕ್ಕೆ ಮೊದಲು ವೃಕ್ಷಾಧಿಕಾರಿಯ ಅಪ್ಪಣೆ ಬೇಕೆಂದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಹೇಳುತ್ತದೆ. ಆ ಕಾಯಿದೆಯ ಮರೆಯಲ್ಲಿ ನಾನು ನಿಲ್ಲಬಹುದಾಗಿತ್ತು. ಆದರೆ ಮುದುಕಿಯೊಬ್ಬರು ಹೊಸ್ತಿಲು ದಾಟಲು ಹೆದರುವಾಗ ಕಾಯಿದೆಯ ಪುಸ್ತಕ ತೆರೆಯುವುದು ಮನುಷ್ಯನಿಗೆ ಒಪ್ಪುವ ಮಾತಲ್ಲ. ಕೊನೆಗೆ ಒಂದು ಕರಾರಾಯಿತು. ಎಲೆ ಬೀಳುವ ಆರು ವಾರ, ಹೂ ಬೀಳುವ ಮೂರು ವಾರ, ಬೆಳಗ್ಗೆ ಆರು ಗಂಟೆಗೆ ಮುಂಚೆ ಅವರ ಮೆಟ್ಟಿಲು ಗುಡಿಸುವ ಕೆಲಸ ನನ್ನದು. ಗುಡಿಸಿದ ಎಲೆಯೂ ನನ್ನದು. ಮೆಟ್ಟಿಲ ನೇರಕ್ಕಿರುವ ಒಂದು ರೆಂಬೆಯನ್ನು ಅಪ್ಪಣೆ ಪಡೆದು, ಹಕ್ಕಿಗಳ ಕಾಲ ಕಳೆದ ಮೇಲೆ ತೆಗೆಸುವುದು. ಎರಡು ವಸಂತಗಳು ಹೀಗೆ ನಡೆದು ನೋಡಿ, ಆಮೇಲೂ ತಾಯಿಯವರಿಗೆ ಭಯ ಹೋಗದಿದ್ದರೆ ಇಬ್ಬರೂ ಕೂಡಿ ಅರ್ಜಿ ಹಾಕುವುದು. ಒಂದು ವಸಂತ ಮುಗಿದಿದೆ. ಹೊಂಗೆಯ ಹೂವನ್ನು ಕೂಡಿಸಿ ಕುಂಡಗಳಿಗೆ ಹಾಕಿದರೆ ಒಳ್ಳೆಯ ಗೊಬ್ಬರವಾಗುತ್ತದೆಂದು ಕೇಳಿದ ಆ ಮನೆಯಾಕೆ ನನ್ನ ಪಾಲಿನಲ್ಲಿ ಎರಡು ಬುಟ್ಟಿ ಹೂವನ್ನು ಕೇಳಿ ಪಡೆದಿದ್ದಾರೆ. ಅಜ್ಜಿ ಮಾತ್ರ ಇನ್ನೂ ಮೆಟ್ಟಿಲಿಳಿದಿಲ್ಲ. ಕಿಟಕಿಯಿಂದ ನನ್ನ ಪೊರಕೆಯನ್ನು ನೋಡುತ್ತಾರೆ. ಮರದ ಆಯುಸ್ಸು ಆ ನೋಟದಲ್ಲಿದೆ.

ಪಕ್ಕದವರಿಗಾದರೂ ಕಾರಣವಿತ್ತು. ಎಷ್ಟೋ ಮನೆಗಳಲ್ಲಿ ಯಾವ ಕಾರಣವೂ ಇಲ್ಲದೆ, ಚೊಕ್ಕಟವಾಗಿರಲೆಂಬ ಒಂದೇ ಆಸೆಯಿಂದ, ಗೋಡೆಯಿಂದ ಗೋಡೆಗೆ ಸಿಮೆಂಟು ಬಳಿಯುತ್ತಾರೆ. ನೂರು ಚದರಡಿ ಬರಿಯ ಮಣ್ಣಿನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅಲ್ಲಿಗೆ ದೊರೆಯುವ ನೀರು ಸುಮಾರು 230 ಲೀಟರು, ಅಂದರೆ ಹದಿನೈದು ಕೊಡ. ಎಲೆಯ ಹೊದಿಕೆಯಿದ್ದ ಮಣ್ಣು ಅದರಲ್ಲಿ ಬಹುಭಾಗವನ್ನು ಕುಡಿಯುತ್ತದೆ. ಸಿಮೆಂಟು ಅಷ್ಟನ್ನೂ ಚರಂಡಿಗೆ ಒಪ್ಪಿಸುತ್ತದೆ. ವಸಂತನ ಸ್ವಾಗತ ಮಾಘದಲ್ಲಿ ಆರಂಭವಾಗುವುದಲ್ಲ, ಅದು ಆಷಾಢದಲ್ಲಿಯೇ ಆರಂಭವಾಗಿರಬೇಕೆಂದು ನಾನು ಹೇಳುವುದು ಇದಕ್ಕಾಗಿ. ಜುಲೈ ತಿಂಗಳಿನಲ್ಲಿ ಮಣ್ಣಿಗೆ ಬಾಯಿ ಮುಚ್ಚಿಸಿ ಫೆಬ್ರವರಿಯಲ್ಲಿ ಅದು ಹಾಡಬೇಕೆಂದರೆ ಹೇಗೆ?

ಊರಿಗೆ ಊರನ್ನೇ ಹಿತ್ತಿಲೆಂದು ಎಣಿಸಿದ ಒಬ್ಬ ಮಹನೀಯನನ್ನು ಇಲ್ಲಿ ನೆನೆಯಬೇಕು. ಜರ್ಮನಿಯಿಂದ ಬಂದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ 1908ರಿಂದ 1932ರವರೆಗೆ ಲಾಲ್‌ಬಾಗನ್ನು ನೋಡಿಕೊಂಡನು. 1956ರಲ್ಲಿ ಈ ಊರಿನಲ್ಲಿಯೇ ಮಣ್ಣಾದನು. ಒಂದು ಜಾತಿಯ ಮರದ ಹೂ ಮುಗಿಯುವಾಗ ಇನ್ನೊಂದು ಜಾತಿಯದು ಅರಳಬೇಕು, ವರ್ಷದ ಯಾವ ತಿಂಗಳೂ ಬೀದಿ ಬರಿದಾಗಬಾರದೆಂಬುದು ಅವನ ಯೋಜನೆ. ಇಂದಿಗೂ ಚಳಿಗಾಲ ಸರಿಯುವಾಗ ಗುಲಾಬಿ ಬಣ್ಣದ ಟಬೂಬಿಯ, ಮಾರ್ಚ್ ಏಪ್ರಿಲ್‌ಗಳಲ್ಲಿ ನೀಲಿಯ ಜಕರಂಡ, ಅದರ ಬೆನ್ನಿಗೇ ಗುಲ್‌ಮೊಹರ್ ಬೆಂಗಳೂರಿನ ರಸ್ತೆಗಳನ್ನು ಸರದಿಯಂತೆ ಕಾಯುತ್ತವೆ. ಅಷ್ಟು ದೊಡ್ಡ ಮನಸ್ಸನ್ನು ಮೂವತ್ತು ನಲವತ್ತರ ನಿವೇಶನದಲ್ಲಿಯೂ ಕಿರಿದಾಗಿ ನಡೆಸಬಹುದು. ಪುಷ್ಯಕ್ಕೆ ಕಾಕಡ, ಮಾಘಕ್ಕೆ ನುಗ್ಗೆ, ಚೈತ್ರಕ್ಕೆ ಮಲ್ಲಿಗೆ, ವೈಶಾಖಕ್ಕೆ ಕರಿಬೇವಿನ ಹೂ, ಮಳೆಗಾಲ ಕಳೆಯುವಾಗ ಪಾರಿಜಾತ. ಇವುಗಳಲ್ಲಿ ಎರಡು ಕುಂಡದಲ್ಲಿಯೂ ಬೆಳೆಯುತ್ತವೆ. ಮಹಡಿಯ ಮನೆಯಲ್ಲಿರುವವರು ಒಂದು ಮಲ್ಲಿಗೆ, ಒಂದು ಕರಿಬೇವು ಇಟ್ಟುಕೊಂಡರೂ ಸೂರಕ್ಕಿ ವಿಳಾಸ ಕೇಳಿಕೊಂಡು ಬರುತ್ತದೆ.

ಅತಿಥಿಯ ಮುಂದೆ ಬಡತನ ಹೇಳಿಕೊಳ್ಳಬಾರದೆಂಬುದು ನಮ್ಮ ಹಿರಿಯರ ನಡವಳಿಕೆ. ಇದ್ದದ್ದನ್ನು ಬಡಿಸಬೇಕು, ಇರುವಂತೆ ಮುಂಚೆಯೇ ನೋಡಿಕೊಂಡಿರಬೇಕು. ವಸಂತನು ಕೇಳುವುದೂ ಅಷ್ಟೆ: ಮುಚ್ಚದೆ ಬಿಟ್ಟ ಒಂದಿಷ್ಟು ಮಣ್ಣು, ಅದರ ಮೇಲೆ ಸುಡದೆ ಉಳಿಸಿದ ಎಲೆ, ಅದರ ಕೆಳಗೆ ಹೋದ ಮಳೆಗಾಲದ ತೇವ. ಈ ಯುಗಾದಿಗೆ ಬೇವಿನ ಹೂವನ್ನು ಮಾರುಕಟ್ಟೆಯಿಂದ ತರುವವರು, ಸಾಧ್ಯವಾದರೆ ತಮ್ಮ ಬೀದಿಯ ಮರವೊಂದರ ಕೆಳಗೆ ಒಂದು ಗಳಿಗೆ ನಿಂತು ನೋಡಲಿ. ಮರದ ಬುಡದ ಸುತ್ತ ಎಷ್ಟು ಅಗಲ ಮಣ್ಣು ಉಳಿದಿದೆಯೆಂದು ಕೈಯಿಂದ ಅಳೆದುಕೊಂಡು ಬರಲಿ. ಒಂದು ಗೇಣಿಗಿಂತ ಕಡಮೆಯಿದ್ದರೆ, ಮುಂದಿನ ಮಳೆಗಾಲಕ್ಕೆ ಮೊದಲು ಮಾಡಬೇಕಾದ ಕೆಲಸ ಯಾವುದೆಂದು ಅವರಿಗೆ ಬೇರೆಯವರು ಹೇಳಬೇಕಾಗಿಲ್ಲ.